ಕೈ ತೆಗೀರಿ!

ಕಂಪ್ಯೂಟರಿನ ಎಂಟರ್ ಗುಂಡಿಯ ಮೇಲೆ ಬೆರಳಿಟ್ಟ ಮೇಸ್ತ್ರಿ, ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ ಮಿಷನ್ ಇಳಿಸುವ ಮುನ್ನ ಕೂಗುತ್ತಿದ್ದ ರೂಢಿಯಲ್ಲೇ ಗಂಟಲು ಹರಿಯುವಂತೆ ಕೂಗಿಬಿಟ್ಟ: "ಕೈ ತೆಗೀರಿ!"

ಕಂಪ್ಯೂಟರ್ ಕಲಿಯಲು ಬಂದವರೆಲ್ಲ ಕಾರ್ಖಾನೆಗಳಲ್ಲಿ ಮಿಷನ್‌ಗೆ ಸಿಕ್ಕಿ ಪೆಟ್ಟು ತಿಂದವರೇ. ಇಡೀ ಕೋಣೆ ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಿತು. ಮರುಕ್ಷಣ ಬಿದ್ದು ಬಿದ್ದು ನಕ್ಕಿತು. "ಇದು ಕಚ್ಚಲ್ಲ ಮೇಸ್ತ್ರಿ," ಎಂದರು ಟೀಚರ್. ಎರಡೇ ಬೆರಳು ಉಳಿದಿದ್ದ ಬಲಗೈಯನ್ನು ಅವನು ಮೆಲ್ಲಗೆ ಮೇಜಿನ ಕೆಳಗೆ ಸರಿಸಿದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಪಕ್ಕದಲ್ಲಿದ್ದ ಒಂಟಿಗೈ ಹೆಂಗಸು ಮಾತ್ರ ನಗಲಿಲ್ಲ. ತರಗತಿ ಶುರುವಾದಾಗಿನಿಂದ ಒಂದು ಗುಂಡಿಯನ್ನೂ ಮುಟ್ಟದವಳು ಈಗ ಬೆರಳು ಚಾಚಿದಳು. "ನಂಗೂ ಕೂಗಣ್ಣಾ. ಅವತ್ತು ನಮ್ಮ ಮಿಷನ್ ಇಳಿಸೋವಾಗ ಯಾರೂ ಕೂಗ್ಲಿಲ್ಲ."

ಮೇಸ್ತ್ರಿ ಎದ್ದು ನಿಂತು ಕೂಗಿದ. ಈ ಸಲವೂ ಎಲ್ಲರೂ ಕೈ ತೆಗೆದರು, ಯಾರೂ ನಗಲಿಲ್ಲ. ಅವಳು ಒತ್ತಿದಳು.