ಇಬ್ಬರಿಗೊಂದು ರೈಫಲ್

"ಹದಿನೇಳು," ಎಂದಳು ನೋಯ್ಲೀನ್.

"ಇಪ್ಪತ್ತೆರಡು," ಎಂದ ಮರ್ವ್.

ಬಂದೂಕಿನಂಗಡಿಯ ಡೂಗಲ್ ಎರಡೂ ರೈಫಲ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಮಲಗಿಸಿ ಅರ್ಧ ಗಂಟೆಯಾಗಿತ್ತು. ಎರಡೂ ತೋಟಾದ ಅಂಚಿಗೆ ಏಟು ಬಿದ್ದರೆ ಸಿಡಿಯುವ ಸಣ್ಣ ಜಾತಿಯವೇ. ವ್ಯತ್ಯಾಸವೆಲ್ಲ ಗುಂಡಿನ ಅಳತೆಯಲ್ಲಿ: ಒಂದರದ್ದು ಅಂಗುಲದ ನೂರರಲ್ಲಿ ಹದಿನೇಳು ಪಾಲು, ಇನ್ನೊಂದರದ್ದು ಇಪ್ಪತ್ತೆರಡು. ಒಟಾಗೋ ಸೀಮೆಯ ಗುಡ್ಡದ ಇಳಿಜಾರಿನಲ್ಲಿ ನೋಯ್ಲೀನ್ ನೆಟ್ಟ ಇನ್ನೂರು ಏಪ್ರಿಕಾಟ್ ಸಸಿಗಳಲ್ಲಿ ಅರವತ್ತರ ತೊಗಟೆಯನ್ನು ಮೊಲಗಳು ಸುತ್ತಲೂ ಕೆರೆದು ತಿಂದಿದ್ದವು. ಉಳಿದವು ಈ ಚಳಿಗಾಲ ದಾಟುವುದೇ ಅನುಮಾನ. ಬೇಲಿಯಾಚೆ ಕುರಿ ಸಾಕಿಕೊಂಡು ಒಬ್ಬನೇ ಇರುವ ಮರ್ವ್‌ನ ಹುಲ್ಲುಗಾವಲನ್ನೂ ಅವೇ ಬೋಳು ಮಾಡಿದ್ದವು. ಮೊಲಕ್ಕಿಲ್ಲದ ಬೇಲಿ ನಮಗ್ಯಾಕೆ, ಇಬ್ಬರಿಗೂ ಪರವಾನಗಿಯಿದೆ, ಒಂದೇ ರೈಫಲ್ ಕೊಂಡು ಹಂಚಿಕೊಳ್ಳೋಣ ಎಂದು ಬೆಳಿಗ್ಗೆ ಒಂದೇ ಗಾಡಿಯಲ್ಲಿ ನಗುತ್ತಾ ಹೊರಟು ಬಂದಿದ್ದರು.

"ನಮ್ಮ ಕಡೆ ಮೊಲಗಳು ನೂರಿಪ್ಪತ್ತು ಮೀಟರ್ ದೂರದ ಬಂಡೆ ಮೇಲೆ ಕೂತು ನನ್ನ ಮುಖಾನೇ ನೋಡ್ತಿರ್ತವೆ. ನಿನ್ನ ಇಪ್ಪತ್ತೆರಡರ ಗುಂಡು ಅಲ್ಲಿಗೆ ಹೋಗೋಷ್ಟರಲ್ಲಿ ಸುಸ್ತಾಗಿ ಬಿದ್ದಿರುತ್ತೆ," ಎಂದಳು ನೋಯ್ಲೀನ್.

"ನಮ್ಮಲ್ಲಿ ಕೊಟ್ಟಿಗೆ ಹಿಂದೆ, ನಲವತ್ತೇ ಮೀಟರ್. ಆ ಹದಿನೇಳು ಚಾಟಿ ಬೀಸಿದ ಹಾಗೆ ಕಿರುಚುತ್ತೆ. ಗಬ್ಬದ ಕುರಿ ಬೆದರಿ ತಂತಿಗೆ ನುಗ್ಗಿದ್ರೆ ನೀನು ಬಂದು ಬಿಡಿಸ್ತೀಯಾ? ಸಾಲದ್ದಕ್ಕೆ ಮಾಂಸ ಬೇರೆ ಚಿಂದಿ. ನಾನು ಮೊಲ ಹೊಡೆಯೋದು ಹಿಟ್ಟಲ್ಲಿ ತುಂಬಿ ಪೈ ಬೇಯಿಸೋಕೆ ಮಾರಾಯ್ತಿ, ಸೇಡು ತೀರಿಸ್ಕೊಳ್ಳೋಕಲ್ಲ."

"ನಾನು ಸೇಡಿಗೇ ಬಂದಿರೋದು."

ಡೂಗಲ್‌ಗೆ ಸಾಕಾಯಿತು. "ಬಾಯಲ್ಲಿ ಎಷ್ಟು ಹೊತ್ತು ಹೊಡೀತೀರಿ? ಹಿಂದಿನ ಕಣಿವೇಲಿ ನನ್ನ ಮೊಲಗಳೂ ಬೇಕಾದಷ್ಟಿವೆ, ಬನ್ನಿ," ಎಂದು ಎರಡನ್ನೂ ಹೊತ್ತು ನಡೆದ.

ಮರ್ವ್ ಮೊದಲು. ಹತ್ತಿರದ ಹುಲ್ಲಿನಲ್ಲಿದ್ದ ಮೊಲಕ್ಕೆ ಇಪ್ಪತ್ತೆರಡರಲ್ಲಿ ಗುರಿಯಿಟ್ಟ. ಪುಸ್ತಕ ಮುಚ್ಚಿದಷ್ಟೇ ಸದ್ದು. ಮೊಲ ಇದ್ದಲ್ಲೇ ಒರಗಿತು. ಪಕ್ಕದ ಮೊಲ ಮೇಯುತ್ತಲೇ ಇತ್ತು. ಅಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಹುಮ್ಮಸ್ಸಿನಲ್ಲಿ ಕಣಿವೆಯ ದೂರದ ಎದುರು ದಡದ ಮೊಲಕ್ಕೂ ಅದರಲ್ಲೇ ಹೊಡೆದ. ಮೊಲದಿಂದ ಒಂದು ಗೇಣು ಕೆಳಗೆ ಧೂಳೆದ್ದಿತು. ಮೊಲ ಹಿಂಗಾಲೆತ್ತಿ ಕಿವಿ ಕೆರೆದುಕೊಂಡಿತು. ನೋಯ್ಲೀನ್ ಬೇಲಿಕಂಬ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಂಡ ತೀರಿಹೋದ ಮೇಲೆ ಹಾಗೆ ನಕ್ಕದ್ದು ಅವಳಿಗೇ ನೆನಪಿರಲಿಲ್ಲ.

ಆಮೇಲೆ ಹದಿನೇಳನ್ನು ಕೈಗೆತ್ತಿಕೊಂಡು ಉಸಿರು ಬಿಗಿಹಿಡಿದಳು. ಛಟಾರ್! ಎದುರು ದಡದ ಮೊಲ ಉರುಳಿತು. ಕಣಿವೆಯಲ್ಲಿದ್ದ ಉಳಿದವೆಲ್ಲ ಬಿಲ ಸೇರಿದವು. "ನೋಡಿದ್ಯಾ ಮರ್ವ್! ನೋಡಿದ್ಯಾ!" ಎಂದು ಅರವತ್ತೆರಡರ ಹೆಂಗಸು ಹುಡುಗಿಯ ಹಾಗೆ ಕುಣಿದಳು. ಆದರೆ ಹೋಗಿ ಎತ್ತಿ ನೋಡಿದರೆ ಮೊಲದ ಒಂದು ಮಗ್ಗುಲೇ ಇರಲಿಲ್ಲ. ಮರ್ವ್ ಅದನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡ, ಅಷ್ಟೇ.

ಅಂಗಡಿಗೆ ಮರಳಿದಾಗ ನೋಯ್ಲೀನ್, "ಇಪ್ಪತ್ತೆರಡೇ ಇರ್ಲಿ ಬಿಡು," ಎಂದಳು.

"ಬೇಡ ಬೇಡ, ಹದಿನೇಳೇ ಆಗ್ಲಿ. ನಿನ್ನ ಸಸಿ ಉಳೀಬೇಕಲ್ಲ."

"ನಿನ್ನ ಕುರಿಗಳ ಗತಿ?"

"ಅವಕ್ಕೆ ನಾನು ಹೇಳ್ಕೋತೀನಿ."

"ನಿಮ್ಮ ಜಗಳದ ದಿಕ್ಕು ತಿರುಗಿತೇ ಹೊರತು ಮುಗೀಲಿಲ್ಲ," ಎಂದು ಡೂಗಲ್ ತಲೆ ಚಚ್ಚಿಕೊಂಡು ಪೆನ್ನು ತೆಗೆದ. "ಯಾವುದಾದ್ರೂ ಆಗ್ಲಿ, ದಾಖಲೆಗೆ ಒಂದು ವಿಳಾಸ ಬೇಕು. ಬಂದೂಕಿಡೋಕೆ ಬೀಗ ಹಾಕೋ ಉಕ್ಕಿನ ಕಪಾಟು ಯಾರ ಮನೇಲಿಡ್ತೀರಿ?"

ಇದನ್ನು ಇಬ್ಬರೂ ಯೋಚಿಸಿಯೇ ಇರಲಿಲ್ಲ. ಮರ್ವ್ ಟೋಪಿ ತೆಗೆದು ಅದರ ಅಂಚನ್ನು ಬೆರಳಲ್ಲಿ ಸುತ್ತಿಸಿದ. ಒಂದು ಸುತ್ತು, ಎರಡು ಸುತ್ತು. ಕೊನೆಗೆ ಟೋಪಿಗೇ ಹೇಳುವವನಂತೆ, "ಎರಡೂ ರೈಫಲ್ ಕೊಡು ಡೂಗಲ್. ಕಪಾಟು... ಒಂದೇ ಸಾಕು," ಎಂದ.

ಡೂಗಲ್‌ನ ಪೆನ್ನು ಗಾಳಿಯಲ್ಲೇ ನಿಂತಿತು. ನೋಯ್ಲೀನ್ ಪಕ್ಕಕ್ಕೆ ತಿರುಗಿ ನೋಡಿದಳು. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಬಿಸಿ ಪೈ ತಂದುಕೊಟ್ಟು, ಒಳಗೆ ಬಾ ಎಂದರೆ 'ಬೂಟೆಲ್ಲ ಕೆಸರು' ಎಂದು ಹೊಸ್ತಿಲಿಂದಲೇ ಹಿಂದಿರುಗುತ್ತಿದ್ದ ಮನುಷ್ಯ ಇವನೇ.

"ನನ್ನ ಮನೆ ವಿಳಾಸಾನೇ ಬರಿ," ಎಂದಳು ಡೂಗಲ್‌ಗೆ. ನಗು ತಡೆಯಲು ಹೋಗಿ ಸೋತಿದ್ದಳು. "ಬಾಯಿಬಿಟ್ಟು ಒಂದು ಮಾತು ಕೇಳೋಕೆ ಈ ಮಹಾರಾಯನಿಗೆ ಎರಡೆರಡು ಬಂದೂಕು ಬೇಕಾಯ್ತು ನೋಡು."

ಮರ್ವ್ ಕಿವಿಯವರೆಗೂ ಕೆಂಪಾದ. ಅಂಗಡಿಯ ಬಾಗಿಲಿಗೆ ಹೋಗಿ, ಅಲ್ಲಿದ್ದ ಕಾಲೊರಸಿನ ಮೇಲೆ ಬೂಟಿನ ಕೆಸರನ್ನು ಜೋರಾಗಿ ಒರೆಸತೊಡಗಿದ.