ಹದಿನೇಳರ ಮಗ್ಗಿ

ತೀರಿಹೋದವರನ್ನು ಮಾತಾಡಿಸುವ ಪ್ರೊಸೆಸರ್ ಕೊಳ್ಳುವಾಗ ಚಳ್ಳಕೆರೆಯಲ್ಲಿ ಎಲ್ಲರೂ ಹದಿನೇಳರ ಮಗ್ಗಿ ಹೇಳಿಸಿ ವೇಗ ನೋಡುತ್ತಾರೆ. ಅಂಗಡಿಯ ನಾಗಭೂಷಣ ನಮ್ಮಕ್ಕನ ನೆನಪುಗಳಿದ್ದ ಕಾರ್ಡನ್ನು ಮೊದಲು ಹತ್ತು ವ್ಯಾಟಿನದಕ್ಕೆ ಹಾಕಿದ. ಅಕ್ಕ ಒಂದೇ ಉಸಿರಿಗೆ ಮಗ್ಗಿ ಮುಗಿಸಿ, "ಊಟ ಆಯ್ತೇನೆ ಪಮ್ಮಿ?" ಎಂದಳು. ನನಗೆ ಮಗ್ಗಿ ಕಲಿಸಿದವಳೇ ಅವಳು. ನಾನು ತಡವರಿಸಿದರೆ ನೋಟ್‌ಬುಕ್ಕಿನಿಂದ ನನಗೆ ಗಾಳಿ ಬೀಸುತ್ತಾ ಕಾಯುತ್ತಿದ್ದಳು.

ಆರು ವ್ಯಾಟಿನದರಲ್ಲಿ, "ಹದಿನೇಳ್ ಎಂಟ್ಲ..." ಎಂದು ನಿಂತೇಬಿಟ್ಟಳು.

"ಎರಡೂ ಅಗ್ಗದವೇ ಮೇಡಂ, ಹತ್ತರದ್ದೇ ತಗೊಳ್ಳಿ," ಎಂದ ನಾಗಭೂಷಣ.

ಮನೆಗೆ ಇಷ್ಟೇ ವ್ಯಾಟ್ ಎಂದು ಸರ್ಕಾರ ಗೊತ್ತುಮಾಡಿದೆ. ಹತ್ತರದ್ದು ಹಾಕಿದರೆ ನನ್ನ ಮಂಚದ ಪಕ್ಕದ ಪುಟ್ಟ ಫ್ಯಾನ್ ಆರಿಸಬೇಕು. ಅಕ್ಕ ಹೇಗೂ ನಿಂತುಹೋಗಿದ್ದಾಳೆ, ಕೇಳಿಸದೆಂದು ಧೈರ್ಯವಾಗಿ ಹೇಳಿದೆ: "ಆರರದ್ದೇ ಸಾಕು ಬಿಡಿ. ಸತ್ತೋರಿಗೆ ಏನ್ ಅವಸರ? ಫ್ಯಾನ್ ಇಲ್ದೆ ನಂಗಾಗಲ್ಲ."

ಅವನು ತಲೆ ತಗ್ಗಿಸಿ ತಂತಿ ಸರಿಪಡಿಸಿದ. "ಮಾತಾಡೋದಷ್ಟೇ ನಿಧಾನ ಮೇಡಂ. ಕೇಳಿಸ್ಕೊಳ್ಳೋದು ಎಲ್ಲಾ ಕೇಳಿಸ್ಕೊಳ್ತಾರೆ."

ನನ್ನ ಮುಖಕ್ಕೆ ಬೆಂಕಿ ಹತ್ತಿದಂತಾಯಿತು. ಹತ್ತರದ್ದೇ ಕೊಡಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕನ ದನಿ ಬಂತು.

"...ನೂರಾ ಮೂವತ್ತಾರು." ಆಮೇಲೆ ತುಂಬಾ ಹೊತ್ತು ಬಿಟ್ಟು, "ಫ್ಯಾನ್ ಇಟ್ಕೊ ಪಮ್ಮಿ. ಸೆಖೆ ನಿಂಗೆ ಮೊದ್ಲಿಂದ್ಲೂ ಆಗಲ್ಲ."

ತೆರೆದ ಬಾಯಿ ಮುಚ್ಚಿಕೊಂಡು ಆರರದ್ದನ್ನೇ ಚೀಲಕ್ಕೆ ಹಾಕಿಕೊಂಡೆ. ಇವತ್ತಿಗೂ ಆ ಫ್ಯಾನ್ ತಿರುಗುತ್ತಿದೆ. ನಾನು ಅದಕ್ಕೆ ಬೆನ್ನು ಹಾಕಿ ಮಲಗುತ್ತೇನೆ.