ಕಪ್ಪು ಬಳಿದ ಸೊಂಟ

ಮಗಳ ಗೋರಿಗೆ ಹಾಲುತುಪ್ಪ ಬಿಟ್ಟಾದ ಮೇಲೆ, ಊರವರೆಲ್ಲ ಹೋಗುವಂತೆ ನೀಲವ್ವನೂ ನೆನಪು ಮುಚ್ಚಿಕೊಡುವ ಮಾಸ್ಕ್ ಅಂಗಡಿಗೆ ಹೋದಳು. ಅಲ್ಲಿ ನೆನಪಿನ ಮೇಲೊಂದು ಪದರ ಹಾಸಿ ಬಣ್ಣ ಬಳಿಯುತ್ತಿದ್ದರು. ಬಿಳಿ ಬಳಿದದ್ದು ಕಾಣುತ್ತಿತ್ತು, ಕಪ್ಪು ಬಳಿದದ್ದು ಮರೆಯಾಗುತ್ತಿತ್ತು.

ಪರದೆಯ ಮೇಲೆ ಮೂಡಿದ ನೆನಪಿನಲ್ಲಿ ನೀಲವ್ವ ನಿಂತಿದ್ದಳು. ಎಡ ಸೊಂಟದ ಮೇಲೆ ಮಗಳು ಸಾವಂತ್ರಿ.

"ಅಂಚಿಗಾದ್ರೂ ಬೂದು ಹಚ್ಚಲೇನ್ರಿ ಅಕ್ಕಾರ?" ಅಂದ ಅಂಗಡಿಯ ಮಹಬೂಬ. "ಮಸಕ್ ಮಸಕ್ ಉಳೀತೈತಿ. ಪೂರಾ ಕಪ್ಪಾದ್ರ, ಕೂಸಿಗೆ ತಾಗಿದ್ದ ನಿಮ್ಮ ಮೈನೂ ಹೋಗತೈತಿ."

"ಹೋಗ್ಲಿ ಬಿಡಪಾ. ಪೂರಾ ಹಚ್ಚು."

ಅವನು ಕುಂಚ ಎಳೆದ. ನೀಲವ್ವನ ಅಳು ನಿಂತಿತು. ಯಾಕೆ ಅಳುತ್ತಿದ್ದೆನೆಂಬುದೂ ಹೋಯಿತು. ಎಡ ಸೊಂಟ ಮಾತ್ರ ಜೋಮು ಹಿಡಿದಂತಿತ್ತು.

"ಅಳಿಸಿಲ್ರಿ, ಮುಚ್ಚೇನಿ ಅಷ್ಟ. ಬೇಕಾದಾಗ ಬರ್ರಿ, ತಗೀತೀನಿ."

"ಏನ್ ತಗೀತಿ?"

ಎಲ್ಲರೂ ಇದನ್ನೇ ಕೇಳುತ್ತಿದ್ದರು. ಮಹಬೂಬ ಮುಂದಿನವರನ್ನು ಕರೆದ.

ಬಸ್ಸು ತುಂಬಿತ್ತು. ನೀಲವ್ವ ಸೊಂಟ ಎಡಕ್ಕೆ ಚಾಚಿ, ಎಡತೋಳು ಮುಂದಕ್ಕೆ ಬಾಗಿಸಿ ಓರೆಯಾಗಿ ನಿಂತಳು. ಆ ನಿಲುವು ಕಂಡದ್ದೇ ಮುದುಕಿಯೊಬ್ಬಳು ಎದ್ದಳು.

"ಕುಂದರವಾ, ಕೂಸಿನ್ನ ಎತ್ಕೊಂಡು ಎಷ್ಟೊತ್ತು ನಿಲ್ತಿ?"

ಹೇಳಿ, ಖಾಲಿ ತೋಳು ನೋಡಿ, ಆದರೂ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ನೀಲವ್ವ ಕೂತಳು. ಕೈಚೀಲವನ್ನು ಕಾಲ ಬಳಿ ಇಟ್ಟು ಮಡಿಲು ತೆರವು ಮಾಡಿಕೊಂಡಳು.